ಶುಕ್ರವಾರ ಜೊತೆಗೆ ಹಾಡಿದವರು ಸೋಮವಾರ ಯಾಕೆ ನಿಲ್ಲುವುದಿಲ್ಲ? ಸ್ವೀಡನ್ನಿನ ವಿದ್ಯಾರ್ಥಿ ಪಾರ್ಟಿಗಳ ಒಳಗುಟ್ಟು

ಲುಂಡ್‌ಗೆ ಬಂದು ಎರಡನೇ ವಾರ. ಶುಕ್ರವಾರ ರಾತ್ರಿ ಒಂದು ಉದ್ದ ಮೇಜಿನ ಮುಂದೆ ಕೂತಿದ್ದೆ. ಪಕ್ಕದಲ್ಲಿ ಗಣಿತ ಓದುವ ಸ್ವೀಡಿಶ್ ಹುಡುಗ. ಮೂರು ತಾಸು ಅವನು ನನಗೆ ಹಾಡು ಹೇಳಿಕೊಟ್ಟ, ಒಂದೊಂದು ಪದದ ಅರ್ಥ ಬಿಡಿಸಿ ಹೇಳಿದ, ತನ್ನ ಅಜ್ಜಿಯ ಊರಿನ ಸುದ್ದಿಯನ್ನೂ ಹೇಳಿದ. ಕೊನೆಗೆ ಎಲ್ಲರೂ ಕುರ್ಚಿ ಹತ್ತಿ ನಿಂತು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಹಾಡಿದೆವು. ಸೋಮವಾರ ಬೆಳಗ್ಗೆ ಅದೇ ಹುಡುಗ ಲೈಬ್ರರಿ ಮೆಟ್ಟಿಲ ಮೇಲೆ ಎದುರಾದ. ನಾನು ಮಾತಾಡಲು ನಿಂತೆ. ಅವನು ಸಣ್ಣಗೆ ತಲೆಯಾಡಿಸಿ "ಹೇಯ್" ಅಂದು ಹೋಗಿಯೇಬಿಟ್ಟ.

ಅವತ್ತು ಇಡೀ ದಿನ ಕಸಿವಿಸಿ. ನಾನೇನು ತಪ್ಪು ಮಾಡಿದೆ ಅಂತ ಯೋಚಿಸುತ್ತಲೇ ಇದ್ದೆ. ಆಮೇಲೆ ನೋಡಿದರೆ, ಹೊರಗಿನಿಂದ ಓದಲು ಬಂದ ತುಂಬಾ ಜನರಿಗೆ ಇದೇ ಅನುಭವ. ಬ್ರೆಜಿಲ್‌ನವಳು ಹೇಳಿದ್ದೂ ಇದನ್ನೇ, ಚೀನಾದವನು ಹೇಳಿದ್ದೂ ಇದನ್ನೇ. "ಇವರು ತಣ್ಣನೆಯ ಜನ, ಕುಡಿದಾಗ ಮಾತ್ರ ಬಾಯಿ ಬಿಡುತ್ತಾರೆ" ಅನ್ನುವ ಮಾತು ನಮ್ಮಂಥವರ ನಡುವೆ ಸದಾ ಓಡಾಡುತ್ತಿರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಎರಡು ವರ್ಷ ಅಲ್ಲಿದ್ದೆ. ಪಾರ್ಟಿಗಳಲ್ಲಿ ಕೂತೆ, ಆಮೇಲೆ ಅವುಗಳ ಅಡುಗೆಮನೆಯಲ್ಲಿ ಕೆಲಸವನ್ನೂ ಮಾಡಿದೆ. ಅಲ್ಲಿನ ಪಾರ್ಟಿಗೆ ಒಂದು ಕಟ್ಟಳೆ ಇದೆ. ಅಪರಿಚಿತರ ಹತ್ತಿರ ಮಾತಾಡಲು ಹಿಂಜರಿಯುವ ಜನ ಪಕ್ಕಪಕ್ಕ ಆರಾಮಾಗಿ ಕೂರಲಿ ಅಂತ ತಲೆಮಾರುಗಳಿಂದ ಕಟ್ಟಿಕೊಂಡು ಬಂದ ಏರ್ಪಾಡು ಅದು. ಆ ಏರ್ಪಾಡು ತಿಳಿದರೆ ಸೋಮವಾರದ ಆ "ಹೇಯ್" ಕೂಡ ಅರ್ಥವಾಗುತ್ತದೆ.

ಮೊದಲು ಊರಿನ ಬಗ್ಗೆ ಎರಡು ಮಾತು. ಲುಂಡ್ ಇರುವುದು ಸ್ವೀಡನ್ನಿನ ದಕ್ಷಿಣ ತುದಿಯ ಸ್ಕೋನೆ ಪ್ರಾಂತ್ಯದಲ್ಲಿ. 1658ರ ತನಕ ಈ ಪ್ರಾಂತ್ಯ ಡೆನ್ಮಾರ್ಕಿಗೆ ಸೇರಿತ್ತು. ಸ್ವೀಡನ್ ಗೆದ್ದುಕೊಂಡ ಮೇಲೆ, ಇಲ್ಲಿನ ಜನರನ್ನು ಸ್ವೀಡಿಶ್ ಮಾಡಬೇಕು ಅಂತಲೇ 1666ರಲ್ಲಿ ವಿಶ್ವವಿದ್ಯಾಲಯ ಶುರು ಮಾಡಿದರು. ಇದಕ್ಕಿಂತ ಹಳೆಯದು 1477ರ ಉಪ್ಸಲಾ. ವಿದ್ಯಾರ್ಥಿ ಪಾರ್ಟಿಯ ಪದ್ಧತಿಗಳೆಲ್ಲ ಗಟ್ಟಿಯಾಗಿ ಬೇರುಬಿಟ್ಟಿರುವುದು ಈ ಎರಡು ಊರುಗಳಲ್ಲಿ. ಲುಂಡ್ ಸಣ್ಣ ಊರು, ಆದರೆ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಸಂಜೆ ಏಳರ ನಂತರ ಬೀದಿಯಲ್ಲಿ ಸೈಕಲ್ ಮೇಲೆ ಹೋಗುವವರಲ್ಲಿ ಮುಕ್ಕಾಲು ಪಾಲು ಇಪ್ಪತ್ತರ ಆಸುಪಾಸಿನವರೇ ಅನ್ನಿಸುತ್ತದೆ.

ಅವರವರ ಡಬ್ಬಿ ಅವರವರದು

ನಾನಿದ್ದದ್ದು ಕಾರಿಡಾರ್‌ನಲ್ಲಿ. ಅಲ್ಲಿ ವಿದ್ಯಾರ್ಥಿಗಳ ಮನೆ ಅಂದರೆ ಹೆಚ್ಚಾಗಿ ಅದೇ. ಉದ್ದ ಓಣಿ, ಎಂಟು ಹತ್ತು ಹನ್ನೆರಡು ಕೋಣೆ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಮೊದಲ ಕಾರಿಡಾರ್ ಪಾರ್ಟಿಯ ದಿನ ಅಮ್ಮ ಕೊಟ್ಟು ಕಳಿಸಿದ್ದ ಚಕ್ಕುಲಿಯನ್ನು ತಟ್ಟೆಗೆ ಸುರಿದು ಮೇಜಿನ ನಡುವೆ ಇಟ್ಟೆ. ಆರು ಡಬ್ಬಿ ಸೈಡರ್, ಅಂದರೆ ಹಣ್ಣಿನ ರಸದ ಮದ್ಯ, ತಂದಿದ್ದೆ. ಅದನ್ನೂ ಪಕ್ಕದಲ್ಲಿಟ್ಟು "ತಗೊಳ್ಳಿ" ಅಂದೆ. ಚಕ್ಕುಲಿ ಐದು ನಿಮಿಷದಲ್ಲಿ ಖಾಲಿ. ಸೈಡರ್‌ಗೆ ಒಬ್ಬರೂ ಕೈ ಹಾಕಲಿಲ್ಲ. ನೋಡಿದರೆ ಪ್ರತಿಯೊಬ್ಬರ ಕಾಲ ಬುಡದಲ್ಲಿ ಒಂದೊಂದು ಚೀಲ, ಚೀಲದಲ್ಲಿ ಅವರವರ ಡಬ್ಬಿ. ಹೊರಡುವಾಗ ಉಳಿದ ಒಂದೆರಡನ್ನು ಅದೇ ಚೀಲದಲ್ಲಿ ವಾಪಸ್ ತೆಗೆದುಕೊಂಡು ಹೋದರು.

ನಮ್ಮ ಕಣ್ಣಿಗೆ ಇದು ಜಿಪುಣತನ. ನಾಲ್ಕು ಜನ ಕೂತಲ್ಲಿ ತನ್ನದನ್ನು ತಾನೇ ಕುಡಿಯುವುದು, ಉಳಿದದ್ದನ್ನು ಕಟ್ಟಿಕೊಂಡು ಹೋಗುವುದು ನಮ್ಮ ಕಡೆ ಮಾತಿಗೆ ಬರುವ ವಿಷಯ, ಅಲ್ವಾ? ಅಲ್ಲಿ ಲೆಕ್ಕ ಬೇರೆ. ಕುಡಿಯುವುದು ದುಬಾರಿ. ಇನ್ನೊಬ್ಬರದನ್ನು ತೆಗೆದುಕೊಂಡರೆ ಅವರಿಗೆ ಖರ್ಚು, ನಿಮ್ಮ ತಲೆ ಮೇಲೆ ಋಣ. ನಮ್ಮಲ್ಲಿ ಹಂಚಿ ತಿನ್ನುವುದು ಮರ್ಯಾದೆ. ಅಲ್ಲಿ ಯಾರ ಮೇಲೂ ಭಾರ ಹಾಕದೇ ಇರುವುದು ಮರ್ಯಾದೆ. ಇದು ತಿಳಿದ ಮೇಲೆ ನನಗೆ ಅವರ ಎಷ್ಟೋ ನಡವಳಿಕೆ ಬೇರೆಯಾಗಿಯೇ ಕಂಡಿತು.

ಮದ್ಯದ ವಿಷಯದಲ್ಲಿ ಅಲ್ಲಿ ಇಷ್ಟು ಬಿಗಿ ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಸ್ವೀಡನ್ನಿನಲ್ಲಿ ಕುಡಿತ ವಿಪರೀತವಾಗಿತ್ತು. ಆಲೂಗಡ್ಡೆಯಿಂದ, ಧಾನ್ಯದಿಂದ ಮನೆಮನೆಯಲ್ಲೂ ಬ್ರೆನ್ವಿನ್ ಅನ್ನುವ ಗಟ್ಟಿ ಸಾರಾಯಿ ಬಟ್ಟಿ ಇಳಿಸುತ್ತಿದ್ದರು. ಅದರ ವಿರುದ್ಧ ದೊಡ್ಡ ಚಳವಳಿ ಎದ್ದಿತು. 1922ರಲ್ಲಿ ಪೂರ್ತಿ ಪಾನನಿಷೇಧ ಬೇಕೋ ಬೇಡವೋ ಅಂತ ಇಡೀ ದೇಶದ ಮತ ಕೇಳಿದರು. ಬೇಡ ಅಂದವರು ಶೇಕಡಾ 51. ಕೂದಲೆಳೆಯಲ್ಲಿ ನಿಷೇಧ ತಪ್ಪಿತು. ಅದರ ಬದಲು ಇವಾನ್ ಬ್ರಾಟ್ ಅನ್ನುವ ವೈದ್ಯರು ರೂಪಿಸಿದ್ದ ಪಡಿತರ ಪದ್ಧತಿ ಮುಂದುವರಿಯಿತು. ಮೂತ್‌ಬೂಕ್ ಅನ್ನುವ ಪುಟ್ಟ ಪುಸ್ತಕ. ನಮ್ಮ ರೇಷನ್ ಕಾರ್ಡ್ ಇದ್ದಂತೆ. ಕೊಂಡ ಮದ್ಯಕ್ಕೆಲ್ಲ ಅದರಲ್ಲಿ ಮುದ್ರೆ ಬೀಳಬೇಕು. ಗಂಡಸರಿಗೆ ಜಾಸ್ತಿ, ಹೆಂಗಸರಿಗೆ ಕಡಿಮೆ, ಮದುವೆಯಾದ ಹೆಂಗಸರಿಗೆ ಪುಸ್ತಕವೇ ಇಲ್ಲ.

1955ರಲ್ಲಿ ಪುಸ್ತಕ ಹೋಯಿತು. ಆ ಜಾಗಕ್ಕೆ ಬಂದದ್ದು ಸಿಸ್ಟೆಮ್‌ಬೊಲಾಗೆಟ್, ಸರ್ಕಾರಿ ಮದ್ಯದಂಗಡಿ. ಅಂಗಡಿಯಿಂದ ಮನೆಗೆ ಕೊಂಡೊಯ್ಯುವ ಮದ್ಯ ಶೇಕಡಾ 3.5ಕ್ಕಿಂತ ಗಟ್ಟಿ ಇದ್ದರೆ ಇಲ್ಲಿಗೇ ಬರಬೇಕು. 20 ವರ್ಷ ತುಂಬಿರಬೇಕು. ಬಾರಿನಲ್ಲಿ ಕೂತು ಕುಡಿಯಲು 18 ಸಾಕು, ಕೊಂಡುಕೊಳ್ಳಲು 20. ಶನಿವಾರ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ ಬಾಗಿಲು ಹಾಕುತ್ತಾರೆ, ಭಾನುವಾರ ತೆಗೆಯುವುದೇ ಇಲ್ಲ. ತಣ್ಣಗೆ ಮಾಡಿಟ್ಟ ಬಿಯರ್ ಸಿಗುವುದಿಲ್ಲ. ಎರಡು ಕೊಂಡರೆ ಒಂದು ಉಚಿತ ಅನ್ನುವಂಥದ್ದೂ ಇಲ್ಲ. ತಂದ ಕೂಡಲೇ ಕುಡಿಯಬೇಕು ಅನ್ನಿಸದಿರಲಿ ಅನ್ನುವುದೇ ಇದರ ಹಿಂದಿನ ಯೋಚನೆ.

ಈಗ ಶನಿವಾರ ಮಧ್ಯಾಹ್ನ ಎರಡೂವರೆಗೆ ಅಂಗಡಿ ಮುಂದೆ ವಿದ್ಯಾರ್ಥಿಗಳ ಸಾಲು ಯಾಕೆ ಅನ್ನುವುದು ಗೊತ್ತಾಗುತ್ತದೆ. ಪಾರ್ಟಿ ಮೂರು ತುಂಡಾಗಿ ಯಾಕೆ ನಡೆಯುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಬಾರಿನಲ್ಲಿ ಒಂದು ಲೋಟಕ್ಕೆ ತುಂಬಾ ಬೆಲೆ. ಅದಕ್ಕೇ ಮೊದಲು ಯಾರದಾದರೂ ಅಡುಗೆಮನೆಯಲ್ಲಿ ಫೋರ್‌ಫೆಸ್ಟ್, ಅಂದರೆ ಪಾರ್ಟಿಗೆ ಮುಂಚಿನ ಪಾರ್ಟಿ. ಅವರವರ ಚೀಲದೊಂದಿಗೆ ಕೂತು ಹರಟೆ. ರಾತ್ರಿ ಹತ್ತರ ಹೊತ್ತಿಗೆ ಎಲ್ಲರೂ ಎದ್ದು ನಿಜವಾದ ಪಾರ್ಟಿಗೆ. ಅದು ಮುಗಿದ ಮೇಲೆ ಮತ್ತೆ ಯಾರದೋ ಮನೆಯಲ್ಲಿ ಎಫ್ಟರ್‌ಫೆಸ್ಟ್. ಆಗ ಯಾರಾದರೂ ಒಬ್ಬರು ನೂಡಲ್ಸ್ ಬೇಯಿಸುತ್ತಾರೆ. ನನ್ನನ್ನು ಕೇಳಿದರೆ ಮೂರರಲ್ಲಿ ಹೊರಗಿನವರಿಗೆ ಒಳ್ಳೆಯದು ಫೋರ್‌ಫೆಸ್ಟ್. ಹತ್ತು ಹನ್ನೆರಡು ಜನ ಮಾತ್ರ ಇರುತ್ತಾರೆ, ಹಾಡಿನ ಸದ್ದೂ ಕಡಿಮೆ, ಮಾತಾಡಿದ್ದು ಕಿವಿಗೆ ಬೀಳುತ್ತದೆ. ಒಳಗೆ ಹೋಗುವಾಗ ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಆ ವಿಷಯದಲ್ಲಿ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಮಯದ ಬಗ್ಗೆ ಒಂದು ಎಚ್ಚರಿಕೆ. ಆಹ್ವಾನದಲ್ಲಿ ಬರೇ "18" ಅಂತಿದ್ದರೆ ಆರೂಕಾಲು. "18.00" ಅಂತಿದ್ದರೆ ಆರಕ್ಕೆ ಸರಿಯಾಗಿ. ತರಗತಿಗಳಿಗೂ ಇದೇ ಲೆಕ್ಕ, ಇದಕ್ಕೆ ಅಕಾಡೆಮಿಕ್ ಕಾಲುಗಂಟೆ ಅನ್ನುತ್ತಾರೆ. ಉಪ್ಸಲಾದಲ್ಲಿ ಸಂಜೆ ಆರರ ಮೇಲೆ ಕಾಲುಗಂಟೆ ಹೋಗಿ ಅರ್ಧ ಗಂಟೆಯಾಗುತ್ತದೆ. ಆ ಕಾಲುಗಂಟೆ ದಾಟಿ ಐದು ನಿಮಿಷ ತಡವಾದರೂ ಬಾಗಿಲಲ್ಲಿ ನಿಂತವರ ಮುಖ ಬದಲಾಗಿರುತ್ತದೆ.

ನೇಷನ್ ಅಂದರೆ ದೇಶವಲ್ಲ

"ಇವತ್ತು ಯಾವ ನೇಷನ್‌ಗೆ ಹೋಗ್ತೀಯಾ?" ಅಂತ ಕೇಳಿದಾಗ ನಾನು ಇಂಡಿಯಾ ಅಂದಿದ್ದೆ. ನೇಷನ್ ಅಂದರೆ ಅಲ್ಲಿ ವಿದ್ಯಾರ್ಥಿಗಳ ಸಂಘ. ಲುಂಡ್‌ನಲ್ಲಿ 13, ಉಪ್ಸಲಾದಲ್ಲೂ 13. ಪ್ರತಿಯೊಂದಕ್ಕೂ ಒಂದು ಪ್ರಾಂತ್ಯದ ಅಥವಾ ಊರಿನ ಹೆಸರು. ಹದಿನೇಳನೇ ಶತಮಾನದಲ್ಲಿ ದೂರದ ಪ್ರಾಂತ್ಯಗಳಿಂದ ಓದಲು ಬಂದ ಹುಡುಗರು ತಮ್ಮ ಊರಿನವರನ್ನು ಹುಡುಕಿಕೊಂಡು ಒಟ್ಟಿಗೆ ಸೇರುತ್ತಿದ್ದರು. ಕಾಯಿಲೆ ಬಿದ್ದರೆ ನೋಡಿಕೊಳ್ಳಲು, ಸತ್ತರೆ ಮಣ್ಣು ಮಾಡಲು, ದುಡ್ಡಿಲ್ಲದಾಗ ಕೈ ಹಿಡಿಯಲು. ನಮ್ಮ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಹಳ್ಳಿಯ ಹುಡುಗರಿಗಾಗಿ ಹುಟ್ಟಿದ ಹಾಸ್ಟೆಲ್ಲುಗಳ ಹಿಂದೆ ಇದ್ದದ್ದೂ ಇಂಥದೇ ಕಾಳಜಿ. ಶುರುವಿನಲ್ಲಿ ವಿಶ್ವವಿದ್ಯಾಲಯಕ್ಕೆ ನೇಷನ್‌ಗಳನ್ನು ಕಂಡರೆ ಆಗುತ್ತಿರಲಿಲ್ಲ. ಹಳಬರು ಹೊಸಬರನ್ನು ಕಾಡುವುದು ಅಲ್ಲಿ ನಡೆಯುತ್ತಿತ್ತು ಅನ್ನುವುದು ಒಂದು ಕಾರಣ. ನಿಲ್ಲಿಸಲು ಆಗಲಿಲ್ಲ. ಆಮೇಲೆ ಅವನ್ನು ತನ್ನ ವ್ಯವಸ್ಥೆಯೊಳಗೇ ಸೇರಿಸಿಕೊಂಡಿತು.

ಈಗ ಯಾರು ಯಾವ ನೇಷನ್‌ಗೆ ಬೇಕಾದರೂ ಸೇರಬಹುದು. 2010ರ ಜುಲೈಗೆ ಮುಂಚೆ ಸದಸ್ಯತ್ವ ಕಡ್ಡಾಯವಾಗಿತ್ತು, ಈಗ ಅವರವರ ಇಷ್ಟ. ಆದರೆ ಸದಸ್ಯತ್ವ ಇಲ್ಲದಿದ್ದರೆ ಪಬ್ಬು, ಕ್ಲಬ್ಬುಗಳ ಬಾಗಿಲು ತೆರೆಯುವುದಿಲ್ಲ. ಗುರುತಿನ ಚೀಟಿ ನೋಡದೆ ಒಳಗೆ ಬಿಡುವುದಿಲ್ಲ. ನೇಷನ್ ಅಂದರೆ ಪಾರ್ಟಿ ಮಾತ್ರ ಅಂದುಕೊಳ್ಳಬೇಡಿ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಭಾನುವಾರದ ಬ್ರಂಚ್, ಗಾಯನ ತಂಡ, ಬಾಡಿಗೆ ಕೋಣೆ, ವಿದ್ಯಾರ್ಥಿವೇತನ ಎಲ್ಲ ಇದೆ. ಇದನ್ನೆಲ್ಲ ನಡೆಸುವವರು ವಿದ್ಯಾರ್ಥಿಗಳೇ, ಹೆಚ್ಚಿನವರು ಸಂಬಳ ಇಲ್ಲದೆ. ಊಟ, ಬಿಯರ್ ಹೊರಗಿಗಿಂತ ಅಗ್ಗ ಆಗುವುದು ಅದರಿಂದಲೇ.

ಪಾರ್ಟಿಗಳ ಮುಖ್ಯಸ್ಥನಿಗೆ ಸೆಕ್ಸ್‌ಮೆಸ್ತರೆ ಅನ್ನುತ್ತಾರೆ. ಈ ಪದ ಕೇಳಿ ಹೊರಗಿನವರು ಗಾಬರಿಯಾಗುತ್ತಾರೆ. ಸ್ವೀಡಿಶ್‌ನಲ್ಲಿ ಸೆಕ್ಸ್ ಅಂದರೆ ಆರು. ಸಂಜೆ ಆರರ ಊಟಕ್ಕೆ ಸೆಕ್ಸಾ ಅನ್ನುತ್ತಿದ್ದರು, ಅದರ ಉಸ್ತುವಾರಿ ನೋಡುವವನು ಸೆಕ್ಸ್‌ಮೆಸ್ತರೆ. ಅಷ್ಟೇ.

ಸಿಟ್ನಿಂಗ್: ಕೂತು ಉಣ್ಣುವ ಪಾರ್ಟಿ

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಸ್ವೀಡನ್ನಿನ ವಿದ್ಯಾರ್ಥಿ ಪಾರ್ಟಿಯನ್ನು ಒಂದೇ ಪದದಲ್ಲಿ ಹೇಳು ಅಂದರೆ ಸಿಟ್ನಿಂಗ್ ಅನ್ನುತ್ತೇನೆ. ಅಂದರೆ ಕೂರುವುದು. ವಾರಗಟ್ಟಲೆ ಮುಂಚೆ ಹೆಸರು ಕೊಡಬೇಕು. ಹೆಸರು ಕೊಡುವಾಗಲೇ ಮಾಂಸಾಹಾರವೋ ಸಸ್ಯಾಹಾರವೋ, ಮದ್ಯ ಬೇಕೋ ಬೇಡವೋ ಅಂತ ಗುರುತು ಹಾಕಬೇಕು. ಹೇಗೆ ಬಟ್ಟೆ ಹಾಕಿಕೊಂಡು ಬರಬೇಕು ಅನ್ನುವುದನ್ನೂ ಬರೆದಿರುತ್ತಾರೆ. ಒಂದು ದಿನ ಕೋಟು, ಇನ್ನೊಂದು ದಿನ ವೇಷ, ಬಾಲ್ ಅನ್ನುವ ದೊಡ್ಡ ನೃತ್ಯಕೂಟ ಆದರೆ ಗಂಡಸರಿಗೆ ಹಿಂದೆ ಉದ್ದಕ್ಕೆ ಇಳಿಬಿಟ್ಟ ಕೋಟು, ಹೆಂಗಸರಿಗೆ ನೆಲ ಮುಟ್ಟುವ ಗೌನು. ನಾನು ಬಾಲ್‌ಗೆ ರೇಷ್ಮೆ ಸೀರೆ ಉಟ್ಟು ಹೋದೆ. ತಮ್ಮ ನಾಡಿನ ಉಡುಪು ಹಾಕಿಕೊಂಡು ಬಂದರೂ ಅದು ಗೌನಿಗೆ ಸಮ ಅಂತಲೇ ಲೆಕ್ಕ. ಸ್ವೀಡಿಶರಲ್ಲೂ ಕೆಲವರು ಪ್ರಾಂತ್ಯದ ಸಾಂಪ್ರದಾಯಿಕ ಬಟ್ಟೆ ಹಾಕಿಕೊಂಡು ಬರುತ್ತಾರೆ.

ಎಲ್ಲಿ ಕೂರಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಮೇಜಿನ ಮೇಲೆ ಹೆಸರು ಬರೆದಿಟ್ಟಿರುತ್ತಾರೆ. ಜೊತೆಗೆ ಬಂದ ಗೆಳೆಯರನ್ನು ಬೇಕಂತಲೇ ದೂರ ಕೂರಿಸುತ್ತಾರೆ. ಎಡಬಲದವರು ಅಪರಿಚಿತರು. ಆ ರಾತ್ರಿ ಅವರನ್ನು ಮಾತಾಡಿಸುವುದು, ಅವರ ಲೋಟ ಖಾಲಿಯಾಗಿದ್ದರೆ ನೀರು ತುಂಬುವುದು ನಿಮ್ಮ ಕೆಲಸ. ಗಮನಿಸಿ, ಮಾತಾಡುವುದು ಇಲ್ಲಿ ಒಂದು ಜವಾಬ್ದಾರಿ. ಬೀದಿಯಲ್ಲಿ ಅಪರಿಚಿತರನ್ನು ಮಾತಾಡಿಸಲು ಮುಜುಗರಪಡುವ ಹುಡುಗ ಇಲ್ಲಿ ಮೂರು ತಾಸು ಮಾತಾಡಿದ್ದು ಆ ಕಾರಣಕ್ಕೇ. ಮಾತಾಡಬಹುದಾ, ಬೇಡವಾ ಅನ್ನುವ ಗೊಂದಲವನ್ನು ಹೆಸರಿನ ಚೀಟಿ ಬಗೆಹರಿಸಿಬಿಟ್ಟಿತ್ತು.

ಆಮೇಲೆ ಲೋಟ ಎತ್ತುವ ಕ್ರಮ. ಮೊದಲ ಸಲ ಯಾರೂ ಹೇಳದಿದ್ದರೆ ಕಷ್ಟ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಮೇಜಿನ ಮೇಲೆ ಲೋಟ ತುಂಬಿದೆ ಅಂತ ಕುಡಿಯಬಾರದು. ಟೋಸ್ಟ್‌ಮಾಸ್ಟರ್ ಅಂತ ಇಬ್ಬರು ಇರುತ್ತಾರೆ, ಸಂಜೆಯನ್ನು ನಡೆಸುವವರು ಅವರು. ಅವರು ಹಾಡಿನ ಪುಟ ಹೇಳುತ್ತಾರೆ. ಪ್ರತಿ ತಟ್ಟೆಯ ಪಕ್ಕ ಒಂದು ಹಾಡಿನ ಪುಸ್ತಕ ಇರುತ್ತದೆ. ಎಲ್ಲರೂ ಹಾಡುತ್ತಾರೆ. ಹಾಡು ಮುಗಿದಾಗ "ಸ್ಕೋಲ್" ಅನ್ನುತ್ತಾರೆ. ಆಗ ಲೋಟವನ್ನು ಎದೆಮಟ್ಟಕ್ಕೆ ಎತ್ತಿ ಒಂದು ಪಕ್ಕದವರ ಕಣ್ಣು ನೋಡಬೇಕು, ಇನ್ನೊಂದು ಪಕ್ಕದವರ ಕಣ್ಣು ನೋಡಬೇಕು, ಎದುರಿನವರ ಕಣ್ಣು ನೋಡಬೇಕು. ಆಮೇಲೆ ಒಂದು ಗುಟುಕು. ಕುಡಿದ ತಕ್ಷಣ ಕೆಳಗಿಡಬಾರದು. ಮತ್ತೆ ಮೂವರ ಕಣ್ಣನ್ನೂ ಹಿಂದುಮುಂದಾಗಿ ನೋಡಿ ಆಮೇಲೆ ಇಡಬೇಕು. ಎಡ ಮೊದಲೋ ಬಲ ಮೊದಲೋ ಅನ್ನುವುದು ಊರಿನಿಂದ ಊರಿಗೆ ಬದಲಾಗುತ್ತದೆ. ಪಕ್ಕದವರನ್ನು ನೋಡಿ ಮಾಡಿದರೆ ಸಾಕು. ಲೋಟಕ್ಕೆ ಲೋಟ ತಾಕಿಸುವ ಪದ್ಧತಿ ಇಲ್ಲ.

ಇದರಲ್ಲಿ ಗುಟುಕಿಗಿಂತ ಕಣ್ಣು ಮುಖ್ಯ. ಒಂದು ಸಂಜೆಗೆ ಹತ್ತು ಹದಿನೈದು ಸಲ ಮೂವರು ಅಪರಿಚಿತರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೀರಿ. ಬಸ್‌ಸ್ಟಾಪಿನಲ್ಲಿ ಎರಡು ಮೀಟರ್ ದೂರ ನಿಲ್ಲುವ ಜನ ಇವರು. ಲೋಟದಲ್ಲಿ ನೀರಿದ್ದರೂ ಪದ್ಧತಿಯಲ್ಲಿ ಏನೂ ಬದಲಾಗುವುದಿಲ್ಲ. ನನ್ನ ಎದುರು ಕೂತಿದ್ದ ಹುಡುಗಿಯೊಬ್ಬಳು ಇಡೀ ರಾತ್ರಿ ಎಲ್ಡರ್ ಹೂವಿನ ಶರಬತ್ತು ಕುಡಿದಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಕುಡಿಯದವರು ನೆಮ್ಮದಿಯಿಂದ ಹೋಗಿ, ಖಾಲಿ ಲೋಟ ಮಾತ್ರ ಎತ್ತಬೇಡಿ, ಅದರಲ್ಲಿ ಏನಾದರೂ ಇರಲಿ ಅಂತ ಹೊಸಬರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ.

ಊಟದ ನಡುವೆ ಏಳುವಂತಿಲ್ಲ. ಟೋಸ್ಟ್‌ಮಾಸ್ಟರ್ ವಿರಾಮ ಕೊಟ್ಟಾಗ ಮಾತ್ರ ಶೌಚಕ್ಕೆ ಹೋಗಬೇಕು. ಯಾರಾದರೂ ಗುಂಪು ಎದ್ದು ಯಿಕ್ಕೆಲ್ ಅನ್ನುವ ಸಣ್ಣ ಪ್ರಹಸನ ಆಡುತ್ತದೆ. ಮತ್ತೆ ಹಾಡು, ಮತ್ತೆ ಊಟ. ಕರಾವಳಿ, ಮಲೆನಾಡಿನ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಉಂಡವರಿಗೆ ಇದು ಅಷ್ಟೇನೂ ಹೊಸದಲ್ಲ. ಅಲ್ಲೂ ಉಣ್ಣುತ್ತಾ ಇರುವಾಗಲೇ ಒಬ್ಬರು ಚೂರ್ಣಿಕೆ ಹೇಳುತ್ತಾರೆ, ಪಂಕ್ತಿಯೆಲ್ಲ ಒಟ್ಟಿಗೆ ಜಯಕಾರ ಹಾಕುತ್ತದೆ, ಎಲ್ಲರ ಊಟ ಮುಗಿಯುವ ತನಕ ಯಾರೂ ಏಳುವುದಿಲ್ಲ. ಎಲೆ ಮುಂದೆ ಕೂತವರಿಗೆ ಗೊತ್ತಿರುವ ಆ ಒಟ್ಟುಸುಖ ಇಲ್ಲಿ ನನಗೆ ಮತ್ತೆ ಸಿಕ್ಕಿತು.

ಊಟ ಮುಗಿದ ಮೇಲೆ ಕಾಫಿ ಜೊತೆ ಪುನ್ಶ್ ಅನ್ನುವ ಸಿಹಿ ಪಾನೀಯ ಬರುತ್ತದೆ. ಇದರ ಕಥೆ ನನಗೆ ತುಂಬಾ ಇಷ್ಟ. 1731ರಲ್ಲಿ ಶುರುವಾದ ಸ್ವೀಡಿಶ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಗೋತೆಬೋರ್ಗ್ ಬಂದರಿಗೆ ಚಹಾ, ಪಿಂಗಾಣಿ, ರೇಷ್ಮೆ ತಂದ ಹಾಗೆ ಜಾವಾದ ಅರಾಕ್ ಕೂಡ ತಂದವು. ಕಬ್ಬಿನ ಕಾಕಂಬಿಯಿಂದ ಮಾಡಿದ ಆ ಅರಾಕ್‌ಗೆ ಸಕ್ಕರೆ ಸೇರಿಸಿದರೆ ಪುನ್ಶ್. ಹೆಸರು ಬಂದದ್ದು ನಮ್ಮ "ಪಂಚ" ಅನ್ನುವ ಪದದಿಂದ, ಐದು ಪದಾರ್ಥ ಬೆರೆಸುತ್ತಿದ್ದರಿಂದ ಆ ಹೆಸರು ಅಂತ ಸಾಮಾನ್ಯವಾಗಿ ವಿವರಿಸುತ್ತಾರೆ. ಸ್ವೀಡನ್ನಿನ ವಿದ್ಯಾರ್ಥಿಗಳು ತಮ್ಮ ಅತ್ಯಂತ ಸ್ವೀಡಿಶ್ ಪಾನೀಯ ಅಂದುಕೊಂಡಿರುವ ಲೋಟದಲ್ಲಿ ನಮ್ಮ ಕಡೆಯ ಒಂದು ಪದ ಕೂತಿದೆ. ಪಕ್ಕದ ಹುಡುಗನಿಗೆ ಹೇಳಿದೆ. ಅವನು ಖುಷಿಯಿಂದ ಐದು ಬೆರಳು ಎತ್ತಿ ಪಂಚ ಪಂಚ ಅಂದ.

ಕೊನೆಯ ಹಾಡು ಜರ್ಮನ್ ವಿದ್ಯಾರ್ಥಿಗಳಿಂದ ಬಂದದ್ದು. ಕಳೆದುಹೋದ ವಿದ್ಯಾರ್ಥಿ ದಿನಗಳನ್ನು ನೆನೆಯುವ ಹಾಡು. ಕುರ್ಚಿ ಮೇಲೆ ನಿಂತು ಹಾಡುತ್ತಾರೆ. ಹಾಡಿದ ಮೇಲೆ ಮತ್ತೆ ಆ ಕುರ್ಚಿಯಲ್ಲಿ ಕೂರಬಾರದು. ಸಿಟ್ನಿಂಗ್ ಮುಗಿಯಿತು. ಮೇಜುಗಳನ್ನು ಎತ್ತಿ ಹೊರಗಿಟ್ಟು, ಬೇರೆಯವರನ್ನೂ ಒಳಗೆ ಬಿಟ್ಟು, ನೃತ್ಯ ಶುರು.

ಹೊಸಬರು, ವೇಷ ಮತ್ತು ಒಂದು ಕೆಟ್ಟ ನೆನಪು

ಆಗಸ್ಟ್ ಕೊನೆಯಲ್ಲಿ ಹೋದರೆ ಬೇರೆಯದೇ ದೃಶ್ಯ. ಬಣ್ಣಬಣ್ಣದ ಓವರಾಲ್ (ಅಂಗಿ, ಪ್ಯಾಂಟು ಸೇರಿಸಿ ಹೊಲಿದ ಉಡುಪು) ತೊಟ್ಟ ಗುಂಪುಗಳು ಊರ ತುಂಬಾ ಹಾಡುತ್ತಾ ಓಡಾಡುತ್ತವೆ. ಅದು ನೋಲ್ನಿಂಗ್. ನೋಲ್ಲ ಅಂದರೆ ಸೊನ್ನೆ, ಅಂದರೆ ಹೊಸ ವಿದ್ಯಾರ್ಥಿ. ಹಿರಿಯ ವಿದ್ಯಾರ್ಥಿಗಳು ಫಾಡ್ಡರ್ ಆಗಿ ಹೊಸಬರನ್ನು ನಾಲ್ಕಾರು ವಾರ ಆಟ, ಊಟ, ಹಾಡುಗಳಿಗೆ ಕರೆದೊಯ್ಯುತ್ತಾರೆ. ಎಂಜಿನಿಯರಿಂಗ್ ಓದುವವರ ಓವರಾಲ್‌ಗೆ ಅವರ ವಿಭಾಗದ ಬಣ್ಣ. ಹೋದ ಪಾರ್ಟಿಗಳ ಬಟ್ಟೆಬಿಲ್ಲೆಗಳನ್ನೆಲ್ಲ ಅದರ ಮೇಲೆ ಹೊಲಿದುಕೊಳ್ಳುತ್ತಾರೆ. ಮೂರನೇ ವರ್ಷದ ಹೊತ್ತಿಗೆ ಬಟ್ಟೆಯೇ ಕಾಣುವುದಿಲ್ಲ.

ಇದೆಲ್ಲ ಸ್ವಂತ ಇಷ್ಟಕ್ಕೆ ಬಿಟ್ಟದ್ದು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಹೊಸ ಊರಲ್ಲಿ ಒಬ್ಬರೇ ಇರುವಾಗ "ಬೇಡ" ಅನ್ನುವುದು ಸುಲಭವಲ್ಲ. ನನಗೆ ಈ ವಿಷಯದಲ್ಲಿ ಅನುಮಾನ ಉಳಿದಿದೆ. ಮಾಸ್ಟರ್ಸ್‌ಗೆ ಬರುವ ಹೊರದೇಶದವರಿಗೆ ಇದು ಸಾಮಾನ್ಯವಾಗಿ ಸೌಮ್ಯವಾಗಿಯೇ ಇರುತ್ತದೆ. ಆದರೂ ಒಂದು ಆಟ ಇಷ್ಟವಾಗದಿದ್ದರೆ ನೇರವಾಗಿ ಹೇಳಿ. ಅಲ್ಲಿ ನೇರವಾಗಿ ಹೇಳಿದ್ದನ್ನು ಜನ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ನಮ್ಮ ಹಾಗೆ ಮುಖ ನೋಡಿ ಅರ್ಥ ಮಾಡಿಕೊಳ್ಳಲಿ ಅಂತ ಕಾದರೆ ಯಾರಿಗೂ ಅರ್ಥವಾಗುವುದಿಲ್ಲ.

ವೇಷದ ಪಾರ್ಟಿಗಳ ಬಗ್ಗೆಯೂ ಒಂದು ಮಾತು ಮುಚ್ಚಿಡದೆ ಹೇಳಬೇಕು. 2011ರಲ್ಲಿ ಲುಂಡ್‌ನ ಒಂದು ಪಾರ್ಟಿಯಲ್ಲಿ ಕೆಲವರು ಮುಖಕ್ಕೆ ಕಪ್ಪು ಬಳಿದುಕೊಂಡು ಬಂದು ಗುಲಾಮರ ಹರಾಜಿನ ಅಣಕ ಮಾಡಿದರು. ದೇಶದಾಚೆಗೂ ಸುದ್ದಿಯಾಯಿತು, ಪೊಲೀಸರಿಗೆ ದೂರು ಹೋಯಿತು. ನಗುವಿಗೆ ಅಂತ ಮಾಡಿದ್ದು ಪಕ್ಕದಲ್ಲಿ ಕೂತವರ ಮೈ ಸುಡಬಹುದು ಅನ್ನುವ ಅರಿವು ಅಲ್ಲೂ ಎಲ್ಲರಿಗೂ ಇರುವುದಿಲ್ಲ. ನಾನಿದ್ದ ಕಾಲಕ್ಕೆ ಥೀಮ್ ಆರಿಸುವಾಗ ಚರ್ಚೆ ನಡೆಯುತ್ತಿತ್ತು. ಅದು ನಡೆಯುತ್ತಲೇ ಇರಬೇಕು.

ವಾಲ್ಬೋರಿ

ಡಿಸೆಂಬರ್‌ನಲ್ಲಿ ಲುಂಡ್‌ನ ಸೂರ್ಯ ಮಧ್ಯಾಹ್ನ ಮೂರೂವರೆಗೇ ಮುಳುಗುತ್ತಾನೆ. ಆ ಕತ್ತಲಲ್ಲಿ ಕೋಣೆ ಬಾಗಿಲು ಹಾಕಿಕೊಂಡು ಕೂತರೆ ತಲೆ ಕೆಡುತ್ತದೆ. ಉಪ್ಸಲಾದ ಫ್ಲೋಗ್ಸ್ತಾ ಅನ್ನುವ ಬಡಾವಣೆಯಲ್ಲಿ ರಾತ್ರಿ ಹತ್ತು ಹೊಡೆಯುತ್ತಿದ್ದಂತೆ ವಿದ್ಯಾರ್ಥಿಗಳು ಕಿಟಕಿ ತೆಗೆದು ಕಿರುಚುತ್ತಾರೆ. ಒಬ್ಬರು ಕಿರುಚಿದರೆ ಎದುರಿನ ಕಟ್ಟಡದಿಂದ ಇನ್ನೊಬ್ಬರು. ಎಷ್ಟೋ ವರ್ಷದಿಂದ ನಡೆದು ಬಂದಿದೆ. ಚಳಿಗಾಲದಲ್ಲಿ ಕೇಳಿದರೆ ಯಾಕೆ ಅಂತ ಪ್ರಶ್ನೆ ಬರುವುದಿಲ್ಲ.

ಅಷ್ಟು ತಿಂಗಳು ಒಳಗೆ ಕೂತವರು ಏಪ್ರಿಲ್ 30ಕ್ಕೆ ಒಮ್ಮೆಲೇ ಹೊರಗೆ ಬರುತ್ತಾರೆ. ವಾಲ್ಬೋರಿ, ವಸಂತದ ಹಬ್ಬ. ಲುಂಡ್‌ನಲ್ಲಿ ಬೆಳಗ್ಗೆಯಿಂದಲೇ ಊರ ಪಾರ್ಕಿನಲ್ಲಿ ಹುಲ್ಲು ಕಾಣದಷ್ಟು ಜನ. ಉಪ್ಸಲಾದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ತೆಪ್ಪಗಳಲ್ಲಿ ಫೀರಿಸ್ ನದಿಗೆ ಇಳಿಯುತ್ತಾರೆ, ಮಧ್ಯಾಹ್ನ 3ಕ್ಕೆ ಕುಲಪತಿ ಹಳೆಯ 'ಕರೋಲೀನಾ ರೆಡಿವೀವಾ' ಗ್ರಂಥಾಲಯದಿಂದ ಬಿಳಿ ಟೋಪಿ ಬೀಸುತ್ತಾರೆ, ಕೆಳಗಿದ್ದವರೆಲ್ಲ ತಮ್ಮ ಟೋಪಿ ಬೀಸುತ್ತಾರೆ. 2020ರಲ್ಲಿ ಕೊರೋನಾ ಬಂದಾಗ ಲುಂಡ್ ನಗರಸಭೆಗೆ ಜನರನ್ನು ತಡೆಯುವುದು ಹೇಗೆ ಅನ್ನುವ ಚಿಂತೆ. ಕೊನೆಗೆ ಪಾರ್ಕಿನಲ್ಲಿ ಸುಮಾರು ಒಂದು ಟನ್ ಕೋಳಿಗೊಬ್ಬರ ಹರಡಿದರು. ವಾಸನೆಗೆ ಯಾರೂ ಕೂರುವುದಿಲ್ಲ, ಹುಲ್ಲಿಗೂ ಒಳ್ಳೆಯದು.

ಪಾರ್ಕಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಕುಡಿದ ಡಬ್ಬಿಗಳಿಗೆ ಠೇವಣಿ ದುಡ್ಡು ಇರುತ್ತದೆ, ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್ ಸಿಗುತ್ತದೆ. ಇದಕ್ಕೆ ಪಾಂತ್ ಅನ್ನುತ್ತಾರೆ. ಜನರ ನಡುವೆ ದೊಡ್ಡ ಚೀಲ ಹಿಡಿದು ಡಬ್ಬಿ ಆಯುವವರು ಓಡಾಡುತ್ತಿದ್ದರು. ವಿದ್ಯಾರ್ಥಿಗಳು ಖಾಲಿ ಡಬ್ಬಿಗಳನ್ನು ಒಂದು ಕಡೆ ಜೋಡಿಸಿ ಇಟ್ಟು ಅವರಿಗೆ ಕೊಡುತ್ತಿದ್ದರು. ಅಷ್ಟು ದೊಡ್ಡ ಸಂಭ್ರಮದಲ್ಲಿ ಕೆಲವರ ಪಾಲಿಗೆ ಅದು ದುಡಿಮೆಯ ದಿನ.

ನಾಲ್ಕು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಲುಂಡ್‌ನಲ್ಲಿ ಕಾರ್ನಿವಲ್ ನಡೆಯುತ್ತದೆ. ಮೊದಲನೆಯದು 1849ರಲ್ಲಿ. ಸಾವಿರಾರು ವಿದ್ಯಾರ್ಥಿಗಳು ತಿಂಗಳುಗಟ್ಟಲೆ ದುಡಿದು ಮೆರವಣಿಗೆ, ನಾಟಕ, ಸರ್ಕಸ್ ಕಟ್ಟುತ್ತಾರೆ.

ಪಕ್ಕದ ದೇಶಗಳಲ್ಲಿ ಪದ್ಧತಿ ಬೇರೆ. ನಾರ್ವೆಯಲ್ಲೂ 1922ರಿಂದ ವಿನ್‌ಮೊನೊಪೋಲೆಟ್ ಅನ್ನುವ ಸರ್ಕಾರಿ ಅಂಗಡಿ ಇದೆ. ಅಲ್ಲಿ ಮುಂಚಿನ ಪಾರ್ಟಿಗೆ ಫೋರ್‌ಸ್ಪೀಲ್, ನಂತರದ್ದಕ್ಕೆ ನಾಕ್‌ಸ್ಪೀಲ್ ಅನ್ನುತ್ತಾರೆ. ಡೆನ್ಮಾರ್ಕ್‌ನಲ್ಲಿ ಸರ್ಕಾರಿ ಅಂಗಡಿಯ ಪದ್ಧತಿಯೇ ಇಲ್ಲ, ಬಿಯರ್ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಹಾಗಾಗಿ ಅಲ್ಲಿ ಕಟ್ಟಳೆ ಸಡಿಲ. ಶುಕ್ರವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ವಿಭಾಗದ ಕಟ್ಟಡದಲ್ಲೇ ವಿದ್ಯಾರ್ಥಿಗಳು ಫ್ರೆಡಾಸ್‌ಬಾರ್ ನಡೆಸುತ್ತಾರೆ. ಲುಂಡ್‌ನಿಂದ ರೈಲು ಹತ್ತಿ ಓರೆಸುಂಡ್ ಸೇತುವೆ ದಾಟಿದರೆ ಕೋಪನ್‌ಹೇಗನ್. ಆ ಸಡಿಲತನ ರೈಲಿಳಿದ ಕೂಡಲೇ ಗೊತ್ತಾಗುತ್ತದೆ.

ಅಡುಗೆಮನೆಯ ಬಾಗಿಲು

ಈಗ ಸೋಮವಾರದ "ಹೇಯ್"ಗೆ ವಾಪಸ್ ಬರೋಣ. ಶುಕ್ರವಾರ ಆ ಹುಡುಗನಿಗೆ ಹೆಸರಿನ ಚೀಟಿ ಇತ್ತು, ಹಾಡಿನ ಪುಸ್ತಕ ಇತ್ತು, ಮಾತಾಡುವ ಜವಾಬ್ದಾರಿ ಇತ್ತು. ಸೋಮವಾರ ಮೆಟ್ಟಿಲ ಮೇಲೆ ಅದ್ಯಾವುದೂ ಇರಲಿಲ್ಲ. ಅವನು ನನ್ನನ್ನು ದೂರ ಮಾಡಿರಲಿಲ್ಲ. ನನಗೆ ತರಗತಿ ಇರಬಹುದು, ನಿಲ್ಲಿಸಿದರೆ ತೊಂದರೆಯಾಗಬಹುದು ಅಂತ ಬಿಟ್ಟುಕೊಟ್ಟಿದ್ದ. ಡಬ್ಬಿಯ ಲೆಕ್ಕವೇ ಇಲ್ಲೂ. ಯಾರ ಮೇಲೂ ಭಾರ ಹಾಕಬಾರದು. ಒಂದು ಸಂಜೆಯ ಗೆಳೆತನ ಸಂಜೆಗೇ ಮುಗಿದರೆ ಅವರಿಗೆ ಅದರಲ್ಲಿ ಬೇಸರ ಇಲ್ಲ. ಗೆಳೆತನ ಬೆಳೆಯುವುದು ಒಂದೇ ಕೆಲಸವನ್ನು ಒಟ್ಟಿಗೆ ಮತ್ತೆ ಮತ್ತೆ ಮಾಡಿದಾಗ.

ಇದನ್ನು ನನಗೆ ಹೇಳಿದವರು ಪುತ್ತೂರಿನ ಅಕ್ಕ ಒಬ್ಬರು. ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದರು. "ಪಾರ್ಟಿಗೆ ಹೋದ್ರೆ ಪರಿಚಯ ಆಗ್ತದೆ ಅಷ್ಟೇ ಮಾರಾಯ್ತಿ. ಗೆಳೆಯರು ಬೇಕಾದ್ರೆ ಅಡುಗೆಮನೆಗೆ ಹೋಗು" ಅಂದರು. ನೇಷನ್‌ಗಳಲ್ಲಿ ಕೆಲಸಕ್ಕೆ ಯಾವಾಗಲೂ ಜನ ಬೇಕು. ಅನುಭವ ಕೇಳುವುದಿಲ್ಲ, ಸ್ವೀಡಿಶ್ ಬರಬೇಕು ಅನ್ನುವುದಿಲ್ಲ. ಸಂಬಳದ ಬದಲು ಅವತ್ತಿನ ಊಟ, ಮತ್ತೆ ಟರ್ಮ್ ಕೊನೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಒಂದು ಧನ್ಯವಾದದ ಪಾರ್ಟಿ.

ಹೆಸರು ಕೊಟ್ಟೆ. ಮೊದಲ ದಿನ ನನ್ನ ಪಾಲಿಗೆ ಬಂದದ್ದು ಆಲೂಗಡ್ಡೆ. ನೂರು ಜನರ ಸಿಟ್ನಿಂಗ್, ಎರಡು ದೊಡ್ಡ ಮೂಟೆ. ಉಕ್ಕಿನ ಮೇಜಿನ ಆಚೆ ಬದಿ ಸ್ಮೋಲಾಂಡ್ ಪ್ರಾಂತ್ಯದ ಕಡೆಯ ಒಬ್ಬಳು ಹುಡುಗಿ. ಮೊದಲ ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಸಿಪ್ಪೆ ಬಕೆಟ್ಟಿಗೆ ಬೀಳುವ ಸದ್ದು ಮಾತ್ರ. ಆಮೇಲೆ ಅವಳು ನನ್ನ ಕೈ ನೋಡಿ, ನೀನು ಚಾಕುವಿನಲ್ಲಿ ಸುಲಿಯುತ್ತೀಯಾ, ಸಿಪ್ಪೆ ಎಷ್ಟು ತೆಳ್ಳಗೆ ಬರುತ್ತದೆ ಅಂದಳು. ಅಜ್ಜಿ ಕಲಿಸಿದ್ದು ಅಂದೆ. ಅಜ್ಜಿ ಎಲ್ಲಿಯವರು ಅಂದಳು. ಹನ್ನೊಂದಕ್ಕೆ ಮೇಲಿನ ಹಾಲ್‌ನಿಂದ ಕೊನೆಯ ಹಾಡು ಕೇಳಿಸಿತು. ಅವರು ಕುರ್ಚಿ ಮೇಲಿದ್ದರು, ನಾವು ತಟ್ಟೆ ತೊಳೆಯುವ ಯಂತ್ರದ ಮುಂದೆ. ಅವಳು ಕೈ ನಿಲ್ಲಿಸದೆ ಅಲ್ಲೇ ಹಾಡಿದಳು, ನನಗೆ ಬರುವಷ್ಟು ನಾನೂ ಹಾಡಿದೆ. ರಾತ್ರಿ ಎರಡಕ್ಕೆ ನೆಲ ಒರೆಸಿ, ಉಳಿದ ಕೇಕನ್ನು ನಿಂತುಕೊಂಡೇ ತಿಂದು, ಸೈಕಲ್ ಹತ್ತಿದೆವು.

ಸೋಮವಾರ ಅದೇ ಲೈಬ್ರರಿ ಮೆಟ್ಟಿಲ ಮೇಲೆ ಅವಳು ಎದುರಾದಳು. ನಿಂತಳು. ಗುರುವಾರ ಪಬ್ಬಿನ ಅಡುಗೆಮನೆಗೆ ಇಬ್ಬರು ಕಡಿಮೆ ಬಿದ್ದಿದ್ದಾರೆ, ನಿನ್ನ ಹೆಸರು ಬರೆಸಲಾ ಅಂತ ಕೇಳಿದಳು.